ಮಹಾವೀರಾಚಾರ್ಯನ ಕ್ಷೇತ್ರಗಣಿತವೂ ನಮ್ಮ ಹೊಲದ ನಕ್ಷೆಯೂ

ನೃಪತುಂಗನ ಕಾಲವೆಂದೊಡನೆ ಕನ್ನಡಿಗರಿಗೆ ಕವಿರಾಜಮಾರ್ಗವು ನೆನಪಾಗುವುದು ಸಹಜವೇ ಸರಿ. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ದೊರೆಯನ್ನು ಗ್ರಂಥಾದಿಯಲ್ಲಿ ಕೊಂಡಾಡಿ, ಮಹಾವೀರಾಚಾರ್ಯನೆಂಬ ಜೈನವಿದ್ವಾಂಸನು ಗಣಿತಸಾರಸಂಗ್ರಹವೆಂಬ ಸಂಸ್ಕೃತಗ್ರಂಥವನ್ನು ರಚಿಸಿರುವನೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಈಚೆಗೆ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ. ಬಲ್ಲವರೆನಿಸಿದವರಾದರೂ ಎರಡು ಪಂಗಡವಾಗಿದ್ದಾರೆ. ಒಂದು ಪಂಗಡವು ಪುಸ್ತಕವನ್ನು ತೆರೆಯದೆಯೇ ಇಂದಿನ ಗಣಿತವೆಲ್ಲವೂ ಅದರಲ್ಲಿದೆಯೆಂದು ಸಭೆಗಳಲ್ಲಿ ಘೋಷಿಸುತ್ತದೆ. ಇನ್ನೊಂದು ಪಂಗಡವು, ತಾನೂ ತೆರೆಯದೆಯೇ, ಹಳೆಯ ಲೆಕ್ಕವೆಂದು ಬದಿಗಿಡುತ್ತದೆ. ಈ ಎರಡು ಬಗೆಯ ಅನಾದರವನ್ನೂ ಬಿಟ್ಟು, ಗ್ರಂಥದ ಏಳನೆಯ ಅಧ್ಯಾಯವಾದ ಕ್ಷೇತ್ರಗಣಿತವ್ಯವಹಾರವೊಂದನ್ನೇ, ಕೈಯಲ್ಲಿ ಸೀಸದ ಕಡ್ಡಿಯನ್ನು ಹಿಡಿದು ಓದಿದರೆ ಏನು ಕಾಣುವುದೆಂಬುದನ್ನು ವಾಚಕರ ಮುಂದಿಡುವೆನು. ಸೀಸದ ಕಡ್ಡಿಯ ಮಾತನ್ನು ಸುಮ್ಮನೆ ಆಡಲಿಲ್ಲ. ಈ ಅಧ್ಯಾಯವು ಬರಿಯ ಕಣ್ಣಿನಿಂದ ಓದುವವನಿಗೆ ಒಂದು ಗ್ರಂಥ. ಆಕೃತಿಯನ್ನು ಬರೆದುಕೊಂಡು ಓದುವವನಿಗೆ ಬೇರೊಂದು ಗ್ರಂಥ.

ಕ್ಷೇತ್ರವೆಂದರೆ ಶಾಸ್ತ್ರದಲ್ಲಿ ಆಕೃತಿ, ಲೋಕದಲ್ಲಿ ಹೊಲ. ಈ ಎರಡು ಅರ್ಥಗಳನ್ನೂ ಒಂದೇ ನೂಲಿನಲ್ಲಿ ಪೋಣಿಸಿರುವುದೇ ಆಚಾರ್ಯನ ಮೊದಲನೆಯ ಹಿರಿಮೆ. ತ್ರಿಭುಜಗಳು ಮೂರು, ಚತುರ್ಭುಜಗಳು ಐದು, ವೃತ್ತದ ಜಾತಿಯವು ಎಂಟು, ಹೀಗೆ ಹದಿನಾರು ಬಗೆಯ ಆಕೃತಿಗಳನ್ನು ಅವನು ಮೊದಲು ಎಣಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ ಯವ, ಮುರಜ, ಪಣವ, ವಜ್ರವೆಂದು ಮುಂದುವರಿಯುತ್ತಾನೆ. ನಡುವೆ ಉಬ್ಬಿ ಎರಡು ಕೊನೆಗಳಲ್ಲಿಯೂ ಮೊನೆಯಾದದ್ದು ಜವೆಯ ಕಾಳು. ಕೊನೆಗಳು ಮೊಂಡಾಗಿದ್ದರೆ ಮುರಜ, ಎಂದರೆ ಮೃದಂಗ. ನಡುವೆ ಸಣ್ಣಗಾದದ್ದು ಪಣವವೆಂಬ ವಾದ್ಯ. ನಡುವೆ ಮೊನೆಯೇ ಆಗಿಬಿಟ್ಟರೆ ಇಂದ್ರನ ವಜ್ರಾಯುಧ. ಆನೆಯ ದಂತವೂ, ಎಳೆಯ ಚಂದ್ರನೂ, ಬಂಡಿಯ ಗಾಲಿಯ ಹೊರಬಳೆಯೂ ಇಲ್ಲಿ ಕ್ಷೇತ್ರಗಳಾಗಿವೆ. ಉಪಮಾಲಂಕಾರವು ಕಾವ್ಯದಲ್ಲಿ ಶೋಭೆಗಾಗಿ ಇರುವುದಾದರೆ, ಇಲ್ಲಿ ಅದು ಕೆಲಸಕ್ಕಾಗಿ ಇದೆ. ಮೃದಂಗವೆಂದೊಡನೆ ಕಿವಿಗೆ ಶಬ್ದವು ಕೇಳಿಸುವ ಮೊದಲೇ ಕಣ್ಣಿಗೆ ಆಕಾರವು ಕಟ್ಟುತ್ತದೆ.

ಈ ನಾಲ್ಕಕ್ಕೂ ಆಚಾರ್ಯನು ಹೇಳುವ ಸೂತ್ರವು ಒಂದೇ. ಕೊನೆಯ ಅಗಲವನ್ನೂ ನಡುವಿನ ಅಗಲವನ್ನೂ ಕೂಡಿಸಿ, ಅರ್ಧಮಾಡಿ, ಉದ್ದದಿಂದ ಗುಣಿಸತಕ್ಕದ್ದು. ಮುರಜವೊಂದನ್ನು ಬರೆದು ನಡುವೆ ಅಡ್ಡಗೆರೆಯನ್ನು ಎಳೆಯಿರಿ. ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಹಿರಿದಾದ ಎರಡು ತುಂಡುಗಳು ಕಾಣುತ್ತವೆ. ಸೂತ್ರವು ಎಲ್ಲಿಂದ ಬಂತೆಂಬುದು ಆ ಕ್ಷಣದಲ್ಲಿ ಹೊಳೆಯುತ್ತದೆ. ಬಾಯಿಪಾಠ ಮಾಡುವ ಅಗತ್ಯವೇ ಉಳಿಯುವುದಿಲ್ಲ. ವಾಚಕರಲ್ಲಿ ಭೂಮಿಕಾಣಿಯುಳ್ಳವರು ತಮ್ಮ ಸರ್ವೆ ನಂಬರಿನ ಟಿಪ್ಪಣಿಯನ್ನು ತೆರೆದು ನೋಡಲಿ. ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ಕಂದಾಯ ಸರ್ವೆಯ ಕಾಲದಲ್ಲಿ, 33 ಅಡಿಯ ಸರಪಣಿಯನ್ನು ಹದಿನಾರು ಆಣೆಗಳಾಗಿ ವಿಭಾಗಿಸಿಕೊಂಡು, ಹೊಲದ ನಡುವೆ ಒಂದು ಆಧಾರರೇಖೆಯನ್ನು ಹಿಡಿದು, ಅದರಿಂದ ಅಕ್ಕಪಕ್ಕದ ಬಾಂದುಕಲ್ಲುಗಳಿಗೆ ಲಂಬಗಳನ್ನು ಅಳೆದು ಬರೆದಿಟ್ಟ ಚಿತ್ರವದು. ಎರಡು ಲಂಬಗಳ ನಡುವಣ ತುಂಡಿಗೆ ಸರ್ವೆಯವರು ಮಾಡುವ ಲೆಕ್ಕವೂ ಆಚಾರ್ಯನ ಮುರಜದ ಅರ್ಧಭಾಗಕ್ಕೆ ಮಾಡುವ ಲೆಕ್ಕವೂ ಬೇರೆಯಲ್ಲ. ಹುಣಸೂರಿನ ಲಕ್ಷ್ಮಣತೀರ್ಥದ ದಡದಲ್ಲಿಯೂ, ಕೃಷ್ಣರಾಜನಗರದ ಕಾವೇರಿ ನಾಲೆಗಳ ಕೆಳಗೂ ಗದ್ದೆಯ ಬದುವು ನೀರಿನ ಬಾಗನ್ನೇ ಹಿಡಿದು ಹೋಗುವುದರಿಂದ, ನಮ್ಮ ಕಡೆ ಚೌಕವಾದ ಗದ್ದೆಗಿಂತ ಮುರಜವೂ ಪಣವವೂ ಹೆಚ್ಚೆಂದೇ ಹೇಳಬೇಕು.

ಇಷ್ಟು ಸ್ತುತಿಯಾದ ಮೇಲೆ ಪರೀಕ್ಷೆಗೆ ಬರೋಣ. ಆಚಾರ್ಯನು ಪ್ರತಿಯೊಂದು ಆಕೃತಿಗೂ ಎರಡು ಬಗೆಯ ಫಲವನ್ನು ಹೇಳುತ್ತಾನೆ: ವ್ಯವಹಾರಕ್ಕೆ ಸಾಕಾಗುವ ಸ್ಥೂಲಫಲ, ಶಾಸ್ತ್ರಕ್ಕೆ ಒಪ್ಪುವ ಸೂಕ್ಷ್ಮಫಲ. ಪರಿಧಿಯು ವ್ಯಾಸದ ಮೂರರಷ್ಟೆಂಬುದು ಸ್ಥೂಲ, ಹತ್ತರ ವರ್ಗಮೂಲದಷ್ಟೆಂಬುದು ಸೂಕ್ಷ್ಮ. ಹೀಗೆ ಎರಡನ್ನೂ ಬೇರೆಬೇರೆಯಾಗಿ ಹೇಳಿರುವುದು ಪ್ರಾಮಾಣಿಕತೆಯ ಗುರುತು. ಆದರೆ ಚತುರ್ಭುಜದ ಸ್ಥಳದಲ್ಲಿ ಈ ಎರಡು ಸೂತ್ರಗಳೂ ಒಂದೇ ಕಡೆ ಎಡವುತ್ತವೆ. ಎದುರುಬದುರಿನ ಭುಜಗಳನ್ನು ಕೂಡಿಸಿ ಅರ್ಧಮಾಡಿ, ಆ ಎರಡು ಅರ್ಧಗಳನ್ನೂ ಗುಣಿಸೆಂಬುದು ಸ್ಥೂಲ. ನಾಲ್ಕು ಭುಜಗಳ ಕೂಟದ ಅರ್ಧದಿಂದ ಒಂದೊಂದು ಭುಜವನ್ನೂ ಬೇರೆಬೇರೆ ಕಳೆದು, ಉಳಿದ ನಾಲ್ಕನ್ನೂ ಗುಣಿಸಿ ವರ್ಗಮೂಲವನ್ನು ತೆಗೆಯೆಂಬುದು ಸೂಕ್ಷ್ಮ. ಇದು ಏಳನೆಯ ಶತಮಾನದ ಬ್ರಹ್ಮಗುಪ್ತನಿಂದ ಬಂದ ಸೂತ್ರ. ಎರಡರಲ್ಲಿಯೂ ನಾಲ್ಕು ಭುಜಗಳ ಹೊರತು ಬೇರೇನೂ ಬೇಕಿಲ್ಲ. ಇಲ್ಲಿಯೇ ದೋಷವಿರುವುದು.

ನಾಲ್ಕು ಸಮನಾದ ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿ ಚೌಕಮಾಡಿ ನೆಲದ ಮೇಲಿಡಿರಿ. ಒಂದು ಮೂಲೆಯನ್ನು ಒತ್ತಿದರೆ ಚೌಕವು ಓರೆಯಾಗುತ್ತದೆ. ಇನ್ನೂ ಒತ್ತಿದರೆ ಕಡ್ಡಿಗಳು ಒಂದರ ಪಕ್ಕದಲ್ಲೊಂದು ಮಲಗಿ, ಒಳಗಿನ ಜಾಗವು ಮಾಯವಾಗುತ್ತದೆ. ಭುಜಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಮೂರು ಕಡ್ಡಿಗಳನ್ನು ಕಟ್ಟಿದರೆ ಹೀಗೆ ಒತ್ತಲು ಬಾರದು. ನಮ್ಮ ಹಳ್ಳಿಯ ಬಡಗಿಯು ತೋಟದ ಬಾಗಿಲಿಗೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿಯನ್ನು ಹೊಡೆಯುವುದು ಇದಕ್ಕಾಗಿಯೇ. ಅವನು ಬಾಗಿಲನ್ನು ಎರಡು ತ್ರಿಭುಜಗಳಾಗಿ ಮಾಡುತ್ತಾನೆ. 1800ರಲ್ಲಿ ಲ್ಯಾಂಬ್ಟನ್ ಎಂಬ ಆಂಗ್ಲೇಯನು ಬೆಂಗಳೂರಿನ ಸಮೀಪದಲ್ಲಿ ಒಂದು ಆಧಾರರೇಖೆಯನ್ನು ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳನ್ನು ಹೆಣೆಯುತ್ತ ಹೋದದ್ದೂ ಈ ಗುಟ್ಟನ್ನು ಹಿಡಿದೇ.

ಭಾಸ್ಕರಾಚಾರ್ಯನು ಹನ್ನೆರಡನೆಯ ಶತಮಾನದಲ್ಲಿ ಇದನ್ನು ಸ್ಪಷ್ಟವಾಗಿ ಕಂಡನು. ಲೀಲಾವತಿಯಲ್ಲಿ ಅವನು, ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ಫಲವನ್ನು ಕೇಳುವವನನ್ನು ಪಿಶಾಚವೆಂದು ಕರೆದು, ಉತ್ತರ ಹೇಳುವವನು ಅದಕ್ಕಿಂತ ದೊಡ್ಡ ಪಿಶಾಚವೆಂದು ಬಿಡುತ್ತಾನೆ. ಶಾಸ್ತ್ರಗ್ರಂಥದಲ್ಲಿ ಇಷ್ಟು ಖಾರವು ಅಪರೂಪ. ಬೈಗುಳಕ್ಕೆ ತಕ್ಕ ದೃಷ್ಟಾಂತವನ್ನೂ ಕೊಟ್ಟಿದ್ದಾನೆ. ನಾಲ್ಕು ಭುಜಗಳೂ 25 ಆಗಿರುವ ಕ್ಷೇತ್ರದಲ್ಲಿ ಕರ್ಣಗಳು 30 ಮತ್ತು 40 ಆದರೆ ಫಲವು 600. ಕರ್ಣಗಳು 14 ಮತ್ತು 48 ಆದರೆ 336. ಕರ್ಣಗಳು ಸಮನಾಗಿ ಚೌಕವೇ ಆದರೆ 625. ಇದನ್ನು ನಮ್ಮ ಅಳತೆಗೆ ತಿರುಗಿಸುವುದು ಬಲು ಸುಲಭ. ಒಂದು ಸರಪಣಿಯ ಚದರವೇ ಒಂದು ಗುಂಟೆ. ನಾಲ್ವತ್ತು ಗುಂಟೆಗೆ ಒಂದು ಎಕರೆ. ಆದುದರಿಂದ ನಾಲ್ಕು ಕಡೆಯೂ 25 ಸರಪಣಿಯಿರುವ ಹೊಲವು 15 ಎಕರೆ 25 ಗುಂಟೆಯಾಗಬಹುದು, 15 ಎಕರೆಯಾಗಬಹುದು, 8 ಎಕರೆ 16 ಗುಂಟೆಯೂ ಆಗಬಹುದು! ಮಹಾವೀರಾಚಾರ್ಯನ ಸ್ಥೂಲಸೂತ್ರವೂ ಸೂಕ್ಷ್ಮಸೂತ್ರವೂ ಮೂರಕ್ಕೂ 625 ಎಂದೇ ಉತ್ತರ ಕೊಡುತ್ತವೆ. ಇನ್ನೊಂದು ಮಾತನ್ನು ಗಮನಿಸಬೇಕು. ಈ ಎರಡು ಸೂತ್ರಗಳ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಇರುವುದಕ್ಕಿಂತ ಕಡಮೆಯೆಂದು ಅವು ಎಂದಿಗೂ ಹೇಳುವುದಿಲ್ಲ. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕೆ?

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿರುವ ಚತುರ್ಭುಜಕ್ಕೆ ಸೂಕ್ಷ್ಮಸೂತ್ರವು ಸರಿಯೇ ಅಲ್ಲವೆ, ಆಚಾರ್ಯನ ಮನಸ್ಸಿನಲ್ಲಿದ್ದುದು ಅಂಥವೇ ಅಲ್ಲವೆ, ಎಂದು. ಇರಬಹುದು; ಆ ಜಾತಿಯ ಕ್ಷೇತ್ರಗಳನ್ನು ಅವನು ಬಹು ಚಾತುರ್ಯದಿಂದ ನಿರ್ಮಿಸಿ ತೋರಿಸಿರುವುದು ನಿಜ. ಆದರೆ ಲಕ್ಷಣವನ್ನು ಹೇಳುವವನು ಲಕ್ಷ್ಯದ ಎಲ್ಲೆಯನ್ನೂ ಹೇಳಬೇಕು. ಇಲ್ಲದಿದ್ದರೆ ಅತಿವ್ಯಾಪ್ತಿದೋಷವು ತಪ್ಪದು. ಎಲ್ಲೆಯನ್ನೇಕೆ ಹೇಳಲಿಲ್ಲವೆಂಬುದಕ್ಕೆ ಅವನ ಪಟ್ಟಿಯೇ ಸಾಕ್ಷಿ ನುಡಿಯುತ್ತದೆಂದು ನನಗೆ ತೋರುತ್ತದೆ. ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮವೆಂಬ ಅವನ ಐದು ಚತುರ್ಭುಜಗಳಲ್ಲಿ ಓರೆಯಾಗಿ ವಾಲಿದ ಸಮಭುಜಕ್ಕೆ ಬೇರೆ ಹೆಸರೇ ಇಲ್ಲ. ಮೃದಂಗಕ್ಕೂ ಆನೆಯ ದಂತಕ್ಕೂ ಹೆಸರಿಟ್ಟವನು ವಾಲಿದ ಚೌಕಕ್ಕೆ ಹೆಸರಿಡಲಿಲ್ಲ. ಹೆಸರಿಲ್ಲದ ಆಕೃತಿಯು ಕಣ್ಣಿನ ಮುಂದೆ ನಿಲ್ಲಲಿಲ್ಲ. ಕಣ್ಣಿನ ಮುಂದೆ ನಿಲ್ಲದ್ದರಿಂದ ಸೂತ್ರಕ್ಕೆ ಅಪವಾದವೂ ಹುಟ್ಟಲಿಲ್ಲ.

ಇದು ಪುಸ್ತಕದ ಜಗಳವೆಂದು ಯಾರೂ ತಿಳಿಯದಿರಲಿ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಣ್ಣತಂಗಿಯರ ಹಿಸ್ಸೆಯ ಕಾಲಕ್ಕೆ ನನ್ನನ್ನು ಕರೆದಿದ್ದರು. ಎರಡು ಪಾಲುಗಳಿಗೂ ನಾಲ್ಕು ಕಡೆ ಹದಿಮೂರು ಹದಿಮೂರು ಸರಪಣಿ. ಅಣ್ಣನದು ರಸ್ತೆಯ ಮಗ್ಗುಲಲ್ಲಿ ನೆಟ್ಟಗಿತ್ತು. ತಂಗಿಯದು ಹಳ್ಳದ ಓರೆಯನ್ನು ಹಿಡಿದು ವಾಲಿತ್ತು. “ಹಗ್ಗ ಸಮನಾಗಿದೆಯಲ್ಲ ಮೇಷ್ಟ್ರೇ, ಇನ್ನೇನು ತಕರಾರು?” ಎಂದು ಹಿರಿಯರು ಕೇಳಿದರು. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಸಿದೆನು; ತಂಗಿಯ ಹೊಲದ ಕರ್ಣಗಳು 24 ಮತ್ತು 10 ಬಂದವು. ಲೆಕ್ಕವನ್ನು ಹೇಳಿದರೆ ಅಲ್ಲಿ ಯಾರೂ ನಂಬುವಂತಿರಲಿಲ್ಲ. ಎರಡು ಹೊಲಗಳನ್ನೂ ಒಂದೇ ಪ್ರಮಾಣದಲ್ಲಿ ಕಾಗದದ ಮೇಲೆ ಬರೆದು ಕತ್ತರಿಸಿ, ವಾಲಿದ ಹೊಲವನ್ನು ಎರಡು ಕರ್ಣಗಳ ಮೇಲೆಯೂ ಕತ್ತರಿಸಿದಾಗ ನಾಲ್ಕು ತ್ರಿಭುಜಗಳಾದವು. ಅವನ್ನು ಜೋಡಿಸಿದರೆ ಉದ್ದ 12, ಅಗಲ 10ರ ಒಂದು ಆಯತ. ಅದನ್ನು ಅಣ್ಣನ ಚೌಕದ ಮೇಲಿಟ್ಟಾಗ ಎರಡು ಕಡೆಗಳಲ್ಲಿ ಚೌಕವು ಹೊರಗೆ ಇಣುಕಿತು. ಅಣ್ಣನಿಗೆ 169 ಗುಂಟೆ, ಎಂದರೆ 4 ಎಕರೆ 9 ಗುಂಟೆ. ತಂಗಿಗೆ 120 ಗುಂಟೆ, ಸರಿಯಾಗಿ 3 ಎಕರೆ. ಹಿರಿಯರು ಕಾಗದದ ತುಂಡುಗಳನ್ನು ತಾವೇ ಎರಡು ಸಲ ಜೋಡಿಸಿ ನೋಡಿ, ಬದುವನ್ನು ಬೇರೆ ಕಡೆ ಹಾಕಲು ಒಪ್ಪಿದರು. ಅಲ್ಲಿ ಯಾರಿಗೂ ಗುಣಾಕಾರವನ್ನು ನಂಬಿಸಬೇಕಾಗಿ ಬರಲಿಲ್ಲ.

ಧನುಃಕ್ಷೇತ್ರಕ್ಕೆ ಬಂದರೆ ವಿನೋದವಾದ ಒಂದು ಸಂಗತಿಯು ಕಾಣುತ್ತದೆ. ಬಿಲ್ಲಿನಂತೆ ಬಾಗಿದ ಏರಿಗೂ ನೆಟ್ಟಗಿನ ಬದುವಿಗೂ ನಡುವಣ ನೆಲವನ್ನು ಇಂಥದೆಂದು ಭಾವಿಸಬಹುದು. ಹೆದೆಗೆ ಬಾಣವನ್ನು ಕೂಡಿಸಿ, ಬಾಣದಿಂದ ಗುಣಿಸಿ, ಅರ್ಧಮಾಡೆಂಬುದು ಸ್ಥೂಲ. ಹೆದೆಯನ್ನು ಬಾಣದ ಕಾಲುಭಾಗದಿಂದ ಗುಣಿಸಿ, ಹತ್ತರ ಮೂಲದಿಂದ ಮತ್ತೆ ಗುಣಿಸೆಂಬುದು ಸೂಕ್ಷ್ಮ. ಹೆದೆ 20, ಬಾಣ 4 ಎಂದಿಟ್ಟುಕೊಂಡರೆ ಸ್ಥೂಲಫಲ 48, ಸೂಕ್ಷ್ಮಫಲ ಸುಮಾರು 63. ಚೌಕಳಿ ಕಾಗದದ ಮೇಲೆ ಬಿಲ್ಲನ್ನು ಬರೆದು ಮನೆಗಳನ್ನು ಎಣಿಸಿದರೆ ಬರುವುದು ಸುಮಾರು 55! ಸೂಕ್ಷ್ಮವೆಂಬುದೇ ಇಲ್ಲಿ ಸ್ಥೂಲಕ್ಕಿಂತ ದೂರಹೋಗಿದೆ. ಅರ್ಧವೃತ್ತವನ್ನು ಬರೆದು ಪರೀಕ್ಷಿಸಿದರೆ ಮಾತ್ರ ಎರಡೂ ತಮ್ಮತಮ್ಮ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತವೆ. ಆಯತವೃತ್ತದಲ್ಲಿಯೂ, ಎಂದರೆ ಉದ್ದವಾಗಿ ಎಳೆದ ವೃತ್ತದಲ್ಲಿಯೂ, ಇದೇ ಕಥೆ. ಉದ್ದ 36, ಅಗಲ 12 ಆದಾಗ ಅವನ ಪರಿಧಿಯ ಸೂತ್ರವು ಸುಮಾರು 78 ಕೊಡುತ್ತದೆ, ದಿಟವಾದದ್ದು 80. ಆ ಕಾಲಕ್ಕೆ ಇದು ಮೆಚ್ಚತಕ್ಕ ಸಾಮೀಪ್ಯ. ಆದರೆ ಆ ಪರಿಧಿಯನ್ನು ಅಗಲದ ಕಾಲುಭಾಗದಿಂದ ಗುಣಿಸಿ ಕ್ಷೇತ್ರಫಲವೆಂದರೆ 233 ಆಗುತ್ತದೆ. ಚಿತ್ರವು ಏನು ಹೇಳುತ್ತದೆ? ಹನ್ನೆರಡರ ವ್ಯಾಸದ ಒಂದು ವೃತ್ತವನ್ನು ಸಣ್ಣ ಸಣ್ಣ ಅಡ್ಡಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನೂ ಮೂರರಷ್ಟು ಉದ್ದಕ್ಕೆ ಎಳೆದರೆ ಇದೇ ಆಯತವೃತ್ತವು ಬರುತ್ತದೆ. ವೃತ್ತದ ಫಲ 113; ಅದರ ಮೂರರಷ್ಟು 339. ನೂರಕ್ಕೂ ಮೀರಿದ ಅಂತರವನ್ನು ಕಾಣಲು ಹೊಸ ಗಣಿತವೇನೂ ಬೇಕಾಗಲಿಲ್ಲ, ಒಂದು ಬಾಳೆಯೆಲೆಯನ್ನು ಸೀಳಿದಷ್ಟು ಕಲ್ಪನೆ ಸಾಕಾಯಿತು.

ಮೂರು ಎಡವುಗಳಿಗೂ ಮೂಲವು ಒಂದೇ. ಆಚಾರ್ಯನ ಮನಸ್ಸಿನಲ್ಲಿ ಆಕೃತಿಯಿರಲಿಲ್ಲವೆಂದಲ್ಲ. ಇದ್ದುದು ಸುಂದರವಾದ ಆಕೃತಿ. ಚತುರ್ಭುಜವೆಂದರೆ ವೃತ್ತದೊಳಗೆ ಕೂತದ್ದು, ಬಿಲ್ಲೆಂದರೆ ತುಂಬ ಎಳೆದ ಅರ್ಧವೃತ್ತ, ಆಯತವೃತ್ತವೆಂದರೆ ವೃತ್ತಕ್ಕೆ ಹತ್ತಿರದ್ದು. ಚಿತ್ರವನ್ನು ಬರೆದ ಮಾತ್ರಕ್ಕೆ ಸತ್ಯವು ಹೊಳೆಯದು. ಚೌಕವನ್ನೇ ಬರೆದು ಚೌಕದ ಸೂತ್ರವನ್ನು ಪರೀಕ್ಷಿಸುವವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡಂತೆ. ವಾಲಿಸಿ, ಹಿಗ್ಗಿಸಿ, ಕುಗ್ಗಿಸಿ ಬರೆದಾಗಲೇ ಸೂತ್ರವು ತನ್ನ ಎಲ್ಲೆಯನ್ನು ಒಪ್ಪಿಕೊಳ್ಳುವುದು. ಅನ್ನ ಬೆಂದಿತೆ ಎಂದು ಒಂದು ಅಗುಳನ್ನು ಹಿಚುಕಿ ನೋಡುವ ಸ್ಥಾಲೀಪುಲಾಕನ್ಯಾಯವು ಅಡುಗೆಯಲ್ಲಿ ಸಲ್ಲುತ್ತದೆ, ಕ್ಷೇತ್ರಗಣಿತದಲ್ಲಿ ಸಲ್ಲದು.

ಮೂಲಗ್ರಂಥಗಳಲ್ಲಿ ಚಿತ್ರವೇಕೆ ಉಳಿಯಲಿಲ್ಲವೆಂದು ಕೇಳಬಹುದು. ನಮ್ಮವರ ಲೆಕ್ಕಕ್ಕೆ ಧೂಲೀಕರ್ಮವೆಂದೇ ಒಂದು ಹೆಸರು. ಹಲಗೆಯ ಮೇಲೆ ಧೂಳು ಹರಡಿ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ಗುರುವು ಧೂಳಿನಲ್ಲಿ ಬರೆದ ಆಕೃತಿಯು ಸಂಜೆಗೆ ಅಳಿಯಿತು, ಬಾಯಲ್ಲಿ ಹೇಳಿಸಿದ ಪದ್ಯವು ಸಾವಿರ ವರ್ಷ ಬಾಳಿತು. ಎರಡು ಮೂರು ಅಂಗುಲ ಅಗಲದ ಓಲೆಗರಿಯಲ್ಲಿ ಚಿತ್ರಕ್ಕೆ ಎಡೆಯಾದರೂ ಎಷ್ಟು? ಲೀಲಾವತಿಯ ಉದಾಹರಣೆಗಳ ಕೆಳಗೆ ‘ನ್ಯಾಸಃ’ ಎಂದೊಂದು ಮಾತು ಬರುತ್ತದೆ. ಕೊಟ್ಟ ಸಂಖ್ಯೆಗಳನ್ನೂ ಆಕೃತಿಯನ್ನೂ ಇಲ್ಲಿ ಇಟ್ಟುಕೊಳ್ಳೆಂದು ಅದರ ಅರ್ಥ. ಪಾಠಶಾಲೆಯಲ್ಲಿ ನಾವು ಅದನ್ನು ಉಚ್ಚರಿಸಿ ಮುಂದೆ ಹೋಗುತ್ತಿದ್ದೆವೇ ಹೊರತು, ಕೈಯಿಂದ ಇಡುತ್ತಿರಲಿಲ್ಲ. ಒಂಬತ್ತು ಮೊಳದ ಕಂಬದ ಮೇಲಿನ ನವಿಲು, ಕಂಬದ ಬುಡದ ಬಿಲದ ಕಡೆಗೆ ಇಪ್ಪತ್ತೇಳು ಮೊಳ ದೂರದಿಂದ ಬರುವ ಹಾವಿನ ಮೇಲೆ ಎರಗುವ ಪ್ರಸಿದ್ಧ ಲೆಕ್ಕವನ್ನು ತೆಗೆದುಕೊಳ್ಳಿರಿ. ಎರಡೂ ಸಮನಾದ ದೂರವನ್ನು ಕ್ರಮಿಸಿದರೆ ಬಿಲದಿಂದ ಎಷ್ಟು ದೂರದಲ್ಲಿ ಸಂಧಿಸುತ್ತವೆ? ಪದ್ಯವನ್ನು ಓದುವಾಗ ನವಿಲೂ ಹಾವೂ ಕಾಣುತ್ತವೆ. ಬರೆದಾಗ ಅವೆರಡೂ ಹೋಗಿ 9, 12, 15ರ ಒಂದು ತ್ರಿಭುಜವು ಮಾತ್ರ ಉಳಿಯುತ್ತದೆ. ಹನ್ನೆರಡೆಂಬ ಉತ್ತರವು ಅದರ ಮೂಲೆಯಲ್ಲಿಯೇ ಕೂತಿರುತ್ತದೆ. ಕಾವ್ಯರಸಿಕನಿಗೆ ಇದು ನಷ್ಟವೆನಿಸಬಹುದು. ನನಗೆ ಹಾಗೆನಿಸಲಿಲ್ಲ.

ನಮ್ಮ ಮನೆಗಳಲ್ಲಿ ಈ ವಿದ್ಯೆಯು ಪೂರ್ತಿ ನಷ್ಟವಾಗಿಲ್ಲವೆಂಬುದಕ್ಕೆ ಬೆಳಗಿನ ಅಂಗಳವೇ ಪ್ರಮಾಣ. ಏಳರಿಂದ ನಾಲ್ಕರವರೆಗೆ ಸಂದುಚುಕ್ಕಿಯೆಂದು ಹೇಳಿದರೆ ಹೆಂಗಸರು ನಡುವೆ ಏಳು ಚುಕ್ಕಿಯಿಟ್ಟು, ಎರಡು ಕಡೆಗೂ ಒಂದೊಂದು ಕಡಮೆ ಮಾಡುತ್ತ ನಾಲ್ಕಕ್ಕೆ ನಿಲ್ಲಿಸುತ್ತಾರೆ. ಒಟ್ಟು 37 ಚುಕ್ಕಿ, ಆರು ಮೂಲೆಯ ಆಕೃತಿ. ನೇರಚುಕ್ಕಿಯಲ್ಲಿ ಬರುವ ಎಳೆಯು ಸಂದುಚುಕ್ಕಿಯಲ್ಲಿ ಏಕೆ ಬರುವುದಿಲ್ಲವೆಂಬುದನ್ನು ಅವರು ಬೆರಳಿನಿಂದ ಬಲ್ಲರು. ಆ ವಿದ್ಯೆಯನ್ನು ಗಣಿತವೆಂದು ಯಾರೂ ಕರೆಯದಿರುವುದು ವಿದ್ವಾಂಸರ ದೋಷ.

ಈಗಿನ ಸ್ಥಿತಿಯು ಆಚಾರ್ಯನ ಕಾಲಕ್ಕಿಂತ ಬಹಳ ಬೇರೆಯಾಗಿದೆಯೆ? ಮನೆಮನೆಯಲ್ಲಿಯೂ ಪಹಣಿಯಿದೆ, ಭೂಮಿ ಯೋಜನೆಯಿಂದ ಅದು ಗಣಕಯಂತ್ರದಲ್ಲಿಯೂ ಸಿಕ್ಕುತ್ತದೆ. ಪಹಣಿಯು ಪದ್ಯದಂತೆ: ಅದರಲ್ಲಿ ವಿಸ್ತೀರ್ಣವಿದೆ, ಆಕೃತಿಯಿಲ್ಲ. ಟಿಪ್ಪಣಿಯಲ್ಲಿ ಆಕೃತಿಯಿದೆ, ಅದನ್ನು ತೆಗೆಸಿ ನೋಡುವವರಿಲ್ಲ. ದಿಶಾಂಕ್ ಎಂಬ ಸಾಧನದಿಂದ ಕೈಫೋನಿನಲ್ಲಿಯೇ ಸರ್ವೆ ನಂಬರಿನ ಗೆರೆಗಳು ಕಾಣುವುದೇನೋ ನಿಜ. ನಿಂತ ಜಾಗ ಯಾವ ನಂಬರಿನದೆಂದು ಅದರಿಂದ ತಿಳಿದೀತು, ಆದರೆ ಅಂಗೈಯಗಲದ ಚಿತ್ರದಲ್ಲಿ ಹೊಲದ ವಾಲು ಎಷ್ಟೆಂದು ಅಳೆಯಲು ಕೂರುವವರು ಯಾರು? ಪದವೀಧರರಾದ ಮಕ್ಕಳು ಕೂಡ ‘ನಮಗೆ ಮೂರು ಎಕರೆ ಇದೆ’ ಎನ್ನುವರಲ್ಲದೆ, ಆ ಮೂರು ಎಕರೆಯನ್ನು ಬಿಳಿಯ ಕಾಗದದ ಮೇಲೆ ಬರೆದು ತೋರಿಸಲಾರರು. ಹೆಗ್ಗಡದೇವನಕೋಟೆಯ ಕಡೆ 1974ರಲ್ಲಿ ಕಬಿನಿ ಜಲಾಶಯವು ಮುಗಿದಾಗ ಎಷ್ಟೋ ಹೊಲಗಳು ನೀರಿನ ಕೆಳಗೆ ಹೋದವು. ಅವುಗಳ ಬದು, ಬಾಂದುಕಲ್ಲು, ಹಳ್ಳದ ಓರೆ, ಇವೆಲ್ಲ ಈಗ ಇರುವುದು ಹಳೆಯ ಗ್ರಾಮನಕ್ಷೆಯಲ್ಲಿಯೂ ಟಿಪ್ಪಣಿಯಲ್ಲಿಯೂ ಮಾತ್ರ. ಅಂಥ ಕಾಗದವನ್ನು ಓದಬಲ್ಲವನಿಗೆ ಅಜ್ಜನ ಹೊಲವು ಇನ್ನೂ ಇದೆ. ಓದಲಾರದವನಿಗೆ ಒಂದು ಸಂಖ್ಯೆಯಿದೆ.

ಮುಂದೆ ಈ ಗ್ರಂಥವನ್ನು ಕನ್ನಡಿಗರಿಗಾಗಿ ಮತ್ತೊಮ್ಮೆ ಸಂಪಾದಿಸುವವರಲ್ಲಿ ನನ್ನದೊಂದು ಬಿನ್ನಹವಿದೆ. ಸೂತ್ರದ ಪಕ್ಕದಲ್ಲಿ ಚಿತ್ರವನ್ನು ಹಾಕಿರಿ. ಹಾಕುವಾಗ ಅಂದವಾದದ್ದನ್ನೇ ಆರಿಸಬೇಡಿರಿ. ಚತುರ್ಭುಜದ ಬಳಿ ವಾಲಿದ್ದನ್ನು, ಧನುಸ್ಸಿನ ಬಳಿ ಸಡಿಲವಾದದ್ದನ್ನು, ಆಯತವೃತ್ತದ ಬಳಿ ನೀಳವಾದದ್ದನ್ನು ಬರೆಯಿರಿ. ಕನ್ನಡದಲ್ಲಿಯೇ ಕ್ಷೇತ್ರಗಣಿತವನ್ನೂ ವ್ಯವಹಾರಗಣಿತವನ್ನೂ ಚಿತ್ರಹಸುಗೆಯನ್ನೂ ಬರೆದ ಹನ್ನೆರಡನೆಯ ಶತಮಾನದ ರಾಜಾದಿತ್ಯನನ್ನು ಪ್ರಕಟಿಸುವವರಿಗೂ ಇದೇ ಮಾತು. ಪುಟದ ಅರ್ಧಭಾಗವು ಖಾಲಿ ಉಳಿದರೂ ಚಿಂತೆಯಿಲ್ಲ. ಓದುವವನು ಅಲ್ಲಿ ತನ್ನ ಹೊಲವನ್ನು ಬರೆದುಕೊಳ್ಳಲಿ.